ಕದಲದ ಕಾರಿಗೆ ಡಾಂಬರು

ಕಾರಿನ ಬಾಗಿಲ ಕೆಳಗಿನ ಅಂಚನ್ನು ಸವರುತ್ತಿದ್ದ ಗಡಿಯಾರದಣ್ಣನ ಬೆರಳು ತಟ್ಟನೆ ನಿಂತಿತು. ಡಾಂಬರು! ಒಂದೆರಡು ಚುಕ್ಕೆಯಲ್ಲ, ಎಳ್ಳು ಚೆಲ್ಲಿದ ಹಾಗೆ ಈ ಚಕ್ರದಿಂದ ಆ ಚಕ್ರದವರೆಗೆ. ಅದರ ಮೇಲೆ ಬಿಸಿಲಿಗೆ ಕಾದು ಗಟ್ಟಿಯಾದ ರಸ್ತೆಯ ಧೂಳು. ಗಡಿಯಾರ ರಿಪೇರಿ ಮಾಡಿ ಮಾಡಿ ಕಣ್ಣು ಸೋತಿದ್ದರೂ ಅವನ ಬೆರಳು ಸುಳ್ಳು ಹೇಳುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನ ಕಾರು ಅಂಗಳ ದಾಟಿದ್ದೇ ಇಲ್ಲ. ಆದರೂ ಭಾನುವಾರ ಬಂತೆಂದರೆ ತೊಳೆಯುತ್ತಿದ್ದ; ತೊಳೆಯದಿದ್ದರೆ ಆ ಬೆಳಗನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕದಲದ ಕಾರಿಗೆ ಡಾಂಬರು ಹೇಗೆ ಹತ್ತಿತು? ದೇವರ ಆಟ ದೇವರಿಗೇ ಗೊತ್ತು ಅಂದುಕೊಂಡ. ಒಳಗೊಳಗೇ ಹಿಗ್ಗಿದ ಕೂಡ. ಇವತ್ತು ಕೈತುಂಬ ಕೆಲಸ.

ಇಂಥ ಕೊಳೆಯನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಬಣ್ಣವೇ ಗೀಚಿಹೋಗುತ್ತದೆ. ಸೋಪಿನ ನೀರಲ್ಲಿ ಅದ್ದಿದ ಹಳೆಯ ಟವೆಲ್ಲನ್ನು, ಜ್ವರ ಬಂದ ಮಗುವಿನ ಹಣೆಗೆ ಇಡುವಂತೆ ಅಂಚಿಗೆ ಒತ್ತಿ ಅಂಟಿಸಿ, ಮಣೆ ಹಾಕಿಕೊಂಡು ಕಾದು ಕೂತ. ಧೂಳು ತಾನಾಗಿ ಕರಗಿ ಇಳಿಯಿತು. ಡಾಂಬರಿಗೆ ಅಡುಗೆ ಎಣ್ಣೆ ಸವರಿದ, ಮತ್ತೆ ಕಾದ, ಮೆತ್ತಗೆ ಒರೆಸಿದ, ಜಿಡ್ಡು ತೊಳೆದ. ಒಂದು ಪಕ್ಕ ಮುಗಿಯುವ ಹೊತ್ತಿಗೆ ಬಿಸಿಲು ಏರಿತ್ತು.

"ಭಾವಾ, ಏನ್ ಮಾಡ್ತಿದೀರಿ! ಅದು ನಮ್ಮ ಕಾರು!"

ಎದುರು ಮನೆಯ ಕಿಟಕಿಯಲ್ಲಿ ತಮ್ಮನ ಹೆಂಡತಿ. ಅಣ್ಣ ಕಣ್ಣು ಕಿರಿದು ಮಾಡಿ ಕಾರನ್ನು ನೋಡಿದ. ಪೊರೆ ಬಂದ ಕಣ್ಣಿಗೆ ಕಂಡದ್ದು ಬರೀ ಬಿಳುಪು. ಅಣ್ಣತಮ್ಮ ಒಟ್ಟಿಗಿದ್ದ ಕಾಲದಲ್ಲಿ ಒಂದೇ ದಿನ ಕೊಂಡ, ಒಂದೇ ಬಿಳಿ ಬಣ್ಣದ ಜೋಡಿ ಕಾರುಗಳವು. ಆಮೇಲೆ, ಅಮ್ಮ ಹೋದ ದಿನ, ಅಣ್ಣನ ಬಾಯಿಂದ ಒಂದು ಮಾತು ಜಾರಿತು: "ನೀನು ಬೇಗ ಬಂದಿದ್ರೆ ಅಮ್ಮ ಉಳೀತಿದ್ಲು." ಅಂದಿನಿಂದ ಒಂದೇ ಅಂಗಳದ ಎರಡು ಮನೆಗಳ ನಡುವೆ ಮಾತಿಲ್ಲ, ಕತೆಯಿಲ್ಲ. ನಲ್ಲಿ ಮಾತ್ರ ಈಗಲೂ ಒಂದೇ. ನಿನ್ನೆ ತಮ್ಮ ಅದರ ಪಕ್ಕದಲ್ಲೇ ಕಾರು ನಿಲ್ಲಿಸಿ ಹೋಗಿದ್ದ. ಅಣ್ಣನದು ಆ ಕಾರಿನ ಹಿಂದೆ, ಗೋಡೆಯ ಬದಿಗೆ ಮರೆಯಾಗಿತ್ತು.

"ಗೊತ್ತಾಗ್ಲಿಲ್ಲಮ್ಮ. ಆದ್ರೆ ಇಷ್ಟಕ್ಕೇ ಬಿಟ್ರೆ ಅರ್ಧ ಗಡ್ಡ ಹೆರೆದ ಹಾಗಿರುತ್ತೆ. ಮುಗಿಸಿಬಿಡ್ತೀನಿ."

ಅಷ್ಟರಲ್ಲಿ ತಮ್ಮ ಹೊರಗೆ ಬಂದ. ಅಣ್ಣನ ಕಡೆ ನೋಡದೆ ಕಿಟಕಿಗೆ ಹೇಳಿದ: "ನಮ್ಮ ಕೊಳೆ ನಾವೇ ತೊಳ್ಕೋತೀವಿ ಅಂತ ಹೇಳೇ. ಯಾರ ಹಂಗೂ ಬೇಡ."

ಅಣ್ಣನೂ ಕಿಟಕಿಗೇ ಹೇಳಿದ: "ಹಿಂದಿನ ಚಕ್ರದ ಹತ್ರ ಒಂದು ಚುಕ್ಕೆ ಇನ್ನೂ ಬಿಟ್ಟಿಲ್ಲಮ್ಮ. ಎಣ್ಣೆ ಹಚ್ಚಿದೀನಿ. ಉಗುರು ಹಾಕ್ಬೇಡ ಅನ್ನು, ಬಣ್ಣ ಎದ್ದು ಬರುತ್ತೆ. ತಾನಾಗೇ ಬಿಡ್ಲಿ."

"ಇರೋದು ನಾಲ್ಕು ಮಾರು ದೂರ. ಇಬ್ರೂ ನನ್ನೇನು ಟೆಲಿಫೋನ್ ಅಂದ್ಕೊಂಡ್ರಾ?" ಅವಳು ಕಿಟಕಿ ಮುಚ್ಚಿದಳು. ತಮ್ಮ ಅರ್ಧ ತೊಳೆದ ಕಾರನ್ನು ಹತ್ತಿ ಹೊರಟುಹೋದ. ಅಣ್ಣ ಮಣೆ ಎತ್ತಿಕೊಂಡು ಹೋಗಿ ತನ್ನ ಕಾರಿನ ಪಕ್ಕ ಕೂತ. ಅಲ್ಲಿ ಒರೆಸಲು ಏನೂ ಇರಲಿಲ್ಲ. ಒರೆಸಿದ.

ಮುಂದಿನ ಭಾನುವಾರ ಬಕೆಟ್ ಹಿಡಿದು ಬಂದರೆ, ನಲ್ಲಿಯ ಪಕ್ಕ ಮತ್ತೆ ತಮ್ಮನ ಕಾರು. ಈ ಸಲ ಅವನ ಕಣ್ಣಿಗೂ ಗುರುತು ತಪ್ಪುವಂತಿರಲಿಲ್ಲ. ಬಾಗಿಲ ಹಿಡಿಯವರೆಗೂ ಕೆಸರು ಮೆತ್ತಿತ್ತು. ಎದುರು ಮನೆಯ ಬಾಗಿಲು ಮುಚ್ಚಿತ್ತು, ಕಿಟಕಿಯೂ ಮುಚ್ಚಿತ್ತು. ಅಣ್ಣ ಮಣೆ ಹಾಕಿ ಕೂತು ಟವೆಲ್ ಅದ್ದಿದ.

ಮಳೆ ಬಿದ್ದು ತಿಂಗಳುಗಳೇ ಆಗಿದ್ದವು. ಅಷ್ಟು ಕೆಸರನ್ನು ತಮ್ಮ ಎಲ್ಲಿಯವರೆಗೆ ಹುಡುಕಿಕೊಂಡು ಹೋಗಿದ್ದನೋ!