ಸಿಕ್ಕಿಬಿದ್ದವರು: ಸೊನ್ನೆ

ಒತ್ತಿದ್ದುಣ್ಣೋ ಮಹಾರಾಯ ಅಂತ ಗಾದೆ. ಹಾಗೊಂದು ಗಾದೆಯೇ ಇಲ್ಲ ಅನ್ನುವವರು ಈ ಕಥೆ ಮುಗಿಯುವವರೆಗೆ ತಡೆದುಕೊಳ್ಳಿ. ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ.

ಮಧ್ಯಾಹ್ನ ಮೂರೂವರೆ. ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಪತ್ತೇದಾರ (ಹೆತ್ತವರು ಇಟ್ಟ ಹೆಸರಲ್ಲ, ಪ್ರೆಸ್ಸಿನವರು ಇಟ್ಟದ್ದು) ಪರದೆಯನ್ನು ನುಂಗುವಂತೆ ನೋಡುತ್ತಿದ್ದ. 'ಸಿಕ್ಕಿಬಿದ್ದವರು: ೦.'

ಬೆಳಿಗ್ಗೆ ಅವನೇ ಹೊಸ ನಂಬರಿನಿಂದ ಎಲ್ಲರ ಮೊಬೈಲಿಗೂ ಗಾಳ ಹಾಕಿದ್ದ: 'ಈ ವರ್ಷದ ರಜೆ ಪಟ್ಟಿ ಬದಲಾಗಿದೆ, ನೋಡಿ.' ಕೆಳಗೊಂದು, ಪೂರ್ತಿ ವಿಳಾಸ ಕಾಣದಂತೆ ಕತ್ತರಿಸಿದ ಮೋಟು ಲಿಂಕು. ಒತ್ತಿದರೆ ರಜೆಯೂ ಇಲ್ಲ, ಪಟ್ಟಿಯೂ ಇಲ್ಲ; ಹಲ್ಲು ಕಿರಿಯುವ ಪತ್ತೇದಾರನ ಫೋಟೊ, ಅದರಡಿ 'ಎಲ್ಲಿಗೆ ಹೋಗುತ್ತದೆಂದು ನೋಡದೆ ಒತ್ತಿದಿರಿ!' ಎಂಬ ಮಂಗಳಾರತಿ.

ಯಜಮಾನರ ಜೊತೆ ಒಪ್ಪಂದವಾಗಿತ್ತು. ಐದು ಗಂಟೆಯೊಳಗೆ ಯಾರು ಬಿದ್ದರೂ ಅವರ ಆರು ಶನಿವಾರದ ಅರ್ಧ ದಿನದ ರಜೆ ಗೋತಾ, ಪತ್ತೇದಾರನ ಪಾಠ ಕಡ್ಡಾಯ. ಯಾರೂ ಬೀಳದಿದ್ದರೆ ಎರಡು ತಿಂಗಳು ಕೂತು ಬರೆದ ಪಾಠಗಳು ರದ್ದಿಗೆ.

ಮೊದಲು ಬೀಳುವುದು ಬೈಂಡಿಂಗ್ ಮಾವ ಎಂದು ಅವನ ಲೆಕ್ಕ. ಮಾವನ ಮೂಗುದನಿಯನ್ನು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದ್ದ: "ಅಯ್ಯೋ, ನಾನೇನೂ ಮಾಡ್ಲಿಲ್ಲಪ್ಪ, ಅದೇ ಒತ್ಕೊಂಡ್ಬಿಡ್ತು!"

ತಾಳ್ಮೆ ಕೆಟ್ಟು ಬೈಂಡಿಂಗ್ ಕೋಣೆಗೆ ಹೋದ. "ಮಾವ, ರಜೆ ಪಟ್ಟಿ ನೋಡಿದ್ರಾ?"

ಮಾವ ಅಂಟಿನ ಬ್ರಶ್ ಕೆಳಗಿಡಲಿಲ್ಲ. "ಅಕ್ಕ ನೋಡ್ಲಿ, ಆಮೇಲೆ ನಾವು."

ಅಕ್ಕ ಅಂದರೆ ಕರಡು ತಿದ್ದುವ ಅಕ್ಕ. ಹಿಂದೊಮ್ಮೆ ಕರಪತ್ರದಲ್ಲಿ ತಪ್ಪು ನಕ್ಷೆಯ ಲಿಂಕು ಅಚ್ಚಾಗಿ, ಅಂಗಡಿ ಉದ್ಘಾಟನೆಗೆ ಹೊರಟವರೆಲ್ಲ ಹೂಗುಚ್ಛ ಹಿಡಿದು ಸ್ಮಶಾನದ ಗೇಟಿನಲ್ಲಿ ನಿಂತಿದ್ದರು. ಅಂದಿನಿಂದ ಅಕ್ಕ ಯಾವ ಮೋಟು ಲಿಂಕನ್ನೂ ಸುಮ್ಮನೆ ಒತ್ತುವುದಿಲ್ಲ. ಅದನ್ನು ಬಿಚ್ಚಿ, ಪೂರ್ತಿ ವಿಳಾಸವನ್ನೂ ಒಳಗಿನ ಪುಟದ ಪುಟ್ಟ ಚಿತ್ರವನ್ನೂ ತೋರಿಸುವ ತಾಣವೊಂದಿದೆ. ಮೊದಲು ಅಲ್ಲಿ ಹಾಕಿ ನೋಡುತ್ತಾರೆ. ಅಕ್ಕ ನೋಡದೆ ಆ ಪ್ರೆಸ್ಸಿನಲ್ಲಿ ಏನೂ ಮುಂದೆ ಹೋಗದು.

ಪತ್ತೇದಾರ ಅವರ ಮೇಜಿನತ್ತ ಹಲ್ಲು ಬಿಟ್ಟ. "ಹೇಗಿದೆ ಅಕ್ಕ, ಪಟ್ಟಿ?"

"ಮುಖಪುಟ ಚೆನ್ನಾಗಿಲ್ಲ ತಮ್ಮ," ಎಂದರು ಅಕ್ಕ, ಕೆಂಪು ಪೆನ್ನಿನಿಂದ ಕಣ್ಣು ಕೀಳದೆ.

ನಾಲ್ಕೂ ಮುಕ್ಕಾಲು. ಸೊನ್ನೆ. ನಾಲ್ಕು ಐವತ್ತು. ಸೊನ್ನೆ ಕೋಳಿಮೊಟ್ಟೆಯಷ್ಟು ದೊಡ್ಡದಾಗಿ ಕಾಣತೊಡಗಿತು.

ಆಗ ಮೊಬೈಲು ಗುಂಯ್ ಎಂದಿತು. ಅಕ್ಕನ ಸಂದೇಶ: 'ಕೊನೆಗೂ ಒಬ್ಬ ಸಿಕ್ಕಿಬೀಳ್ತಾನೆ ತಮ್ಮ. ಮುಖ ನೋಡ್ಬೇಕಾ? ಇಲ್ಲಿದೆ.' ಕೆಳಗೆ ಲಿಂಕು.

ನೋಡಬೇಕಾ ಅಂದರೆ! ಹಸಿದವನು ತಟ್ಟೆ ಎಳೆದುಕೊಳ್ಳುವಂತೆ ಒತ್ತಿದ. ಮೊಬೈಲಿನಲ್ಲಿ ಚಕ್ರ ತಿರುಗುತ್ತಿರುವಾಗಲೇ ಎದುರಿನ ಪರದೆಯಲ್ಲಿ ಸೊನ್ನೆ ಅಳಿದು ಒಂದು ಮೂಡಿತು.

"ಬಿತ್ತು! ಮೀನು ಬಿತ್ತು!" ಯಜಮಾನರ ಕೋಣೆಗೆ ಒಂದೇ ಓಟ. ಹಿಂದೆಯೇ ಇಡೀ ಪ್ರೆಸ್ಸು ಬಂದು ಬಾಗಿಲಲ್ಲಿ ನೆರೆಯಿತು.

"ಯಾರಪ್ಪ ಅದು?"

"ಮುಖ ಸಮೇತ ಸಾಕ್ಷಿ ಇದೆ ಸಾರ್! ಮಾಫಿ ಗೀಫಿ ಇಲ್ಲ, ಆರು ಶನಿವಾರ!" ಮೊಬೈಲನ್ನು ನೋಡದೆಯೇ ಮುಂದೆ ಹಿಡಿದ.

ಯಜಮಾನರು ಕನ್ನಡಕ ಏರಿಸಿದರು. ಮೊಬೈಲು ನೋಡಿದರು. ಅವನನ್ನು ನೋಡಿದರು. ಮತ್ತೆ ಮೊಬೈಲು.

"ಇದು ನಿಂದೇ ಮುಖ ಅಲ್ವೇನೋ?"

"ಸರಕು ಅವನದೇ ಸಾರ್," ಎಂದರು ಅಕ್ಕ. "ಹೊಸ ಮೋಟು ಲಿಂಕಲ್ಲಿ ಸುತ್ತಿ ವಾಪಸ್ ಕಳಿಸಿದ್ದಷ್ಟೇ ನಾನು."

ಪತ್ತೇದಾರ ಮೂಗು ಹಿಡಿದುಕೊಂಡ. "ಅಯ್ಯೋ, ನಾನೇನೂ ಮಾಡ್ಲಿಲ್ಲಪ್ಪ, ಅದೇ ಒತ್ಕೊಂಡ್ಬಿಡ್ತು!" ಎಂದವನೇ, ಬೈಂಡಿಂಗ್ ಮಾವನಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕ.

ಆರು ಶನಿವಾರವೂ ಪಾಠ ನಡೆಯಿತು: ಪುಸ್ತಕ ಪತ್ತೇದಾರನದು, ವಿದ್ಯಾರ್ಥಿ ಪತ್ತೇದಾರ, ಮೇಡಂ ಅಕ್ಕ.