ಫೈರ್ ಗಾಡಿಯ ಹಿಂಬದಿ

ಮುಚ್ಚಿದ್ದ ಟವೆಲ್ ತೆಗೆದದ್ದೇ ತಡ, ಚಿತ್ತಪ್ಪ ಕುರ್ಚಿಯ ತುದಿಗೆ ಸರಿದು ಕೂತ. ಮಂಚದ ಮೇಲೆ ಮೊಳ ಉದ್ದದ ಕೆಂಪು ಫೈರ್ ಇಂಜಿನ್ನೊಂದು ನಿಂತಿತ್ತು. ಕೊಟ್ಟೂರಪ್ಪ ಗಾಡಿಯ ಕಡೆ ನೋಡಲೇ ಇಲ್ಲ, ಗೆಳೆಯನ ಮುಖವನ್ನೇ ನೋಡುತ್ತಿದ್ದ.

ಒಂದು ಕಾಲದಲ್ಲಿ ಇಂಥದೇ ನಿಜವಾದ ಗಾಡಿಯನ್ನು ಓಡಿಸಿದವನು ಕೊಟ್ಟೂರಪ್ಪ, ಅದರ ಹಿಂದಿನ ಹಲಗೆಯ ಮೇಲೆ ನಿಂತು ಹೋಗಿ ಬೆಂಕಿಗೆ ನೀರು ಹೊಡೆದವನು ಚಿತ್ತಪ್ಪ. ಗಾಡಿ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ನೋಡೋಣವೆಂದರೆ ಒಂದು ಫೋಟೋ ಕೂಡ ಉಳಿದಿರಲಿಲ್ಲ. ಕೊಟ್ಟೂರಪ್ಪ ಬರೀ ನೆನಪಿನ ಮೇಲೆ ಈ ಪುಟ್ಟ ಗಾಡಿ ಕಟ್ಟಿದ್ದ. ಆ ನೆನಪು ಸರಿಯೋ ತಪ್ಪೋ ಎಂದು ಹೇಳಬಲ್ಲವನು ಈಗ ಉಳಿದಿದ್ದದ್ದು ಚಿತ್ತಪ್ಪನೊಬ್ಬನೇ. ಅದಕ್ಕೇ ಅವನನ್ನು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಕರೆಸಿದ್ದು. ‘ಇದು ನಮ್ಮ ಗಾಡೀನೇ’ ಅಂತ ಅವನ ಬಾಯಿಂದ ಒಂದು ಮಾತು ಬಂದರೆ ಸಾಕಿತ್ತು. ಬಾರದೇ ಹೋದರೆ, ತಿಂಗಳುಗಟ್ಟಲೆ ತಗಡು ಕತ್ತರಿಸಿ ಕೈ ಕುಯ್ದುಕೊಂಡದ್ದೆಲ್ಲ ಒಂದು ಆಟದ ಸಾಮಾನಿಗೆ ಅಂತಾಗುತ್ತಿತ್ತು. ಆದರೆ ಈ ಚಿತ್ತಪ್ಪನೋ, ಸ್ವಂತ ಮಗಳ ಮದುವೆಯ ಊಟವನ್ನೇ ‘ಪರವಾಗಿಲ್ಲ’ ಅಂದಿದ್ದ ಆಸಾಮಿ!

“ನನ್ನ ಎಣ್ಣೆ ಡಬ್ಬ, ನನ್ನ ಪಂಪ್ ಸ್ಟವ್ವು, ಇನ್ನೂ ಸವೆಯದ ಹವಾಯಿ ಚಪ್ಪಲಿ, ಎಲ್ಲಾ ಅದ್ರಾಗೇ ಸೇರ್ಕೊಂಡೈತೆ ನೋಡ್ರಿ ಅಣ್ಣಾ,” ಎಂದಳು ಕೊಟ್ಟೂರಪ್ಪನ ಹೆಂಡತಿ ಪಾಪಕ್ಕ, ಮಗ್ಗದಲ್ಲಿ ಕೂತಲ್ಲಿಂದಲೇ. “ಪೈಪು ಮಾತ್ರ ನಾನೇ ನೇಯ್ದು ಕೊಟ್ಟೀನಿ. ಅಸಲಿ ರೇಷ್ಮೆದು! ಯಾವ ಬೆಂಕಿ ಆರಿಸ್ತಾರೋ ದೇವ್ರೇ ಬಲ್ಲ.”

ಚಿತ್ತಪ್ಪ ನಗಲಿಲ್ಲ. ಕನ್ನಡಕ ಏರಿಸಿ ಬಗ್ಗಿದ. ಉಗುರಿನಿಂದ ಗಂಟೆ ತಟ್ಟಿದ, ಅದು ಟಿಣ್ ಎಂದಿತು. ಸ್ಟೇರಿಂಗಿಗೆ ಸುತ್ತಿದ್ದ ಕರಿ ಟೇಪನ್ನು ಮುಟ್ಟಿ ನೋಡಿದ. ಬಾನೆಟ್ಟಿನ ಎಡಕ್ಕಿದ್ದ ತಗ್ಗಿನ ಮೇಲೆ ಬೆರಳಾಡಿಸಿ, “ಎಮ್ಮೆ ಗುದ್ದಿದ್ದು,” ಎಂದ.

“ಹೂಂ, ಅದೇ ಎಮ್ಮೆ!” ಕೊಟ್ಟೂರಪ್ಪನ ಮುಖ ಅರಳಿತು. ಗೆದ್ದೆ ಅಂದುಕೊಂಡ.

ಚಿತ್ತಪ್ಪ ಗಾಡಿಯನ್ನು ಮೆಲ್ಲಗೆ ತಿರುಗಿಸಿದ. ಹಿಂದಿನ ಹಲಗೆ, ಅದರ ಮೇಲೆ ಹಿಡಿದುಕೊಳ್ಳಲು ಹಿತ್ತಾಳೆಯ ಕಂಬಿ. ಕಂಬಿಯ ಸುತ್ತ ಏನನ್ನೋ ಹುಡುಕಿದ.

“ಲೇ ಕೊಟ್ರ, ಇದು ಯಾರ ಗಾಡಿಲೇ?”

ಕೊಟ್ಟೂರಪ್ಪನೂ ಗಾಡಿಯತ್ತ ಬಗ್ಗಿದ. “ಯಾಕೋ? ಏನಾಗೈತೆ?”

“ಕಂಬಿಗೆ ಹಗ್ಗ ಎಲ್ಲೈತೆ?”

“ಯಾವ ಹಗ್ಗ? ಹಗ್ಗಗಿಗ್ಗ ಏನೂ ಇರ್ಲಿಲ್ಲಪ್ಪ. ದಿನಾ ಬೆಳಿಗ್ಗೆ ಗಾಡಿ ಒರೆಸ್ತಿದ್ದೋನು ನಾನು, ನಂಗೊತ್ತಿಲ್ವಾ?”

“ನಿಂತಿರೋ ಗಾಡೀಲಿ ಎಲ್ಲಿಂದ ಬರ್ಬೇಕು? ನೀನು ಗಾಡಿ ಎತ್ತಿದ ಮೇಲೆ ಕಟ್ಟೋದು, ನಿಲ್ಸಿ ಇಳಿಯೋದ್ರಾಗೆ ಬಿಚ್ಚಿ ಜೇಬಿಗೆ ಹಾಕೊಳ್ಳೋದು.” ಚಿತ್ತಪ್ಪ ಕನ್ನಡಕ ತೆಗೆದ. “ಸಿದ್ದಾಪುರದಾಗೆ ಬಣವೆ ಹತ್ಕೊಂಡಿದ್ವಲ್ಲ, ಆವತ್ತು ತಿರುವಿನಾಗೆ ನೀನು ಸ್ಟೇರಿಂಗ್ ಹೊಡೆದ ಹೊಡೆತಕ್ಕೆ ನನ್ನ ಕಾಲು ಹಲಗೆ ಬಿಟ್ಟೇ ಹೋತು. ಒಂದೇ ಕೈಯಾಗೆ ಜೋತಾಡ್ಕೊಂಡು ಬಂದೆ. ಮಾರನೇ ದಿನದಿಂದ ಕಂಬಿಗೆ ಹಗ್ಗದ ಕುಣಿಕೆ ಕಟ್ಟಿ, ಅದ್ರಾಗೆ ಕೈ ತೂರಿಸ್ಕೊಂಡು ನಿಲ್ತಿದ್ದೆ.”

ಮಗ್ಗದ ಸದ್ದು ನಿಂತಿತು. ಈಗ ಎದುರಿಗೇ ಗುಂಡುಕಲ್ಲಿನಂತೆ ಕೂತಿದ್ದಾನೆ ಚಿತ್ತಪ್ಪ, ಆದರೂ ಕೊಟ್ಟೂರಪ್ಪ ಕೈ ಚಾಚಿ ಅವನ ತೋಳು ಹಿಡಿದುಕೊಂಡ.

“ಕೂಗೋಕೇನಾಗಿತ್ತೋ ನಿಂಗೆ? ನಿಲ್ಲಿಸ್ತಿದ್ನಲ್ಲ!”

“ಅದಕ್ಕೇ ಕೂಗ್ಲಿಲ್ಲ. ಬಣವೆ ಮಗ್ಗುಲಾಗೇ ಮನೆಗಳಿದ್ವು.”

“ಆಮೇಲಾದ್ರೂ ಒಂದು ಮಾತು ಹೇಳಬಾರದಾ? ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೀಯಲ್ಲೋ!”

“ಹೇಳಿದ್ರೆ ಆವತ್ತಿಂದ ಒಂದೊಂದು ತಿರುವಿಗೂ ನಿನ್ನ ಕಾಲು ಬ್ರೇಕ್ ಮೇಲೇ ಇರ್ತಿತ್ತು,” ಎಂದ ಚಿತ್ತಪ್ಪ, ಇದೇನು ದೊಡ್ಡ ವಿಷಯ ಎಂಬಂತೆ. “ನಿನ್ನಂಗೆ ಓಡ್ಸೋರು ಇನ್ಯಾರಿದ್ರು ಹೇಳು? ಬೆಂಕಿ ಕಾಯ್ತದಾ ನಮಗೋಸ್ಕರ?”

ಚಿತ್ತಪ್ಪ ತನ್ನನ್ನು ಹೊಗಳಿದ್ದು ಕೊಟ್ಟೂರಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ತಿಳಿದಾಗ ಅವನಿಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಎರಡನ್ನೂ ಒಟ್ಟಿಗೇ ಮಾಡಿದ.

ಪಾಪಕ್ಕ ಎದ್ದು ಬಂದು ಒಂದೆಳೆ ರೇಷ್ಮೆಯನ್ನು ಹೊಸೆದು ಚಿತ್ತಪ್ಪನ ಕೈಗಿಟ್ಟಳು. ಅವನು ನಾಲಿಗೆ ಕಚ್ಚಿಕೊಂಡು, ದಪ್ಪ ಬೆರಳುಗಳಲ್ಲಿ ತಡಕಾಡಿ, ಕಂಬಿಯ ಬಲತುದಿಗೆ ಅಕ್ಕಿಕಾಳು ತೂರುವಷ್ಟು ಸಣ್ಣ ಕುಣಿಕೆ ಹಾಕಿದ. ಎರಡು ಸಲ ಎಳೆದು ಗಟ್ಟಿಯಾಗಿದೆಯಾ ನೋಡಿದ.

“ಹಾಂ. ಈಗ ನಮ್ಮ ಗಾಡಿ,” ಎಂದ. ಆಮೇಲೆ ಮೂವರೂ ಮಂಡಕ್ಕಿ ಮೆಣಸಿನಕಾಯಿ ತಿಂದರು. ಎಮ್ಮೆಯ ಕಥೆ ಇನ್ನೊಮ್ಮೆ ಆಯಿತು, ತಪ್ಪು ಎಮ್ಮೆಯದೇ ಎಂದು ಇಬ್ಬರೂ ತೀರ್ಮಾನಿಸಿದರು.

ಗೆಳೆಯನನ್ನು ಚಳ್ಳಕೆರೆ ಬಸ್ಸಿಗೆ ಹತ್ತಿಸಿ ಬಂದ ಕೊಟ್ಟೂರಪ್ಪ, ಗಾಡಿಯನ್ನು ಎರಡೂ ಕೈಯಲ್ಲಿ ಎತ್ತಿ ಪಡಸಾಲೆಯ ಗೂಡಿನಲ್ಲಿಟ್ಟ.

“ಅಯ್ಯೋ, ಮಖ ಗೋಡೆ ಕಡೆ ಮಾಡಿ ಇಟ್ಟೀರಲ್ರೀ!” ಎಂದಳು ಪಾಪಕ್ಕ. “ಬಂದೋರಿಗೆ ಬರೀ ಹಿಂಬದಿ ಕಾಣ್ತೈತೆ.”

“ಇರ್ಲಿ ಬಿಡೇ,” ಎಂದ ಕೊಟ್ಟೂರಪ್ಪ, ಅದರ ಎದುರಿಗೇ ಕುರ್ಚಿ ಎಳೆದುಕೊಂಡು ಕೂರುತ್ತ. “ಮುಂದ್ಗಡೆ ನಾನು ನೋಡಿದ್ದು ಸಾಕು.”