ಮೂರನೆಯ ಸುತ್ತು

ಗಂಡ ಒಬ್ಬನೇ ಹಾರಿಸುತ್ತಿದ್ದ ಪುಟ್ಟ ವಿಮಾನ ಬಿದ್ದು ಅವನು ಸತ್ತ ಒಂಬತ್ತನೆಯ ದಿನ ತನಿಖಾಧಿಕಾರಿ ಮನೆಗೆ ಬಂದರು. ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಅತ್ತೆ ಪಕ್ಕದಲ್ಲೇ ಕೂತು ಸೊಸೆಯ ಕೈ ಹಿಡಿದುಕೊಂಡರು.

"ನಿಮ್ಮ ಯಜಮಾನ್ರು ದಿನಾ ಈ ಮನೆ ಮೇಲೆ ಹಾರ್ತಿದ್ರಾ ಅಮ್ಮಾ?"

"ಹೂಂ ಸಾರ್. ಡ್ಯೂಟಿ ಮುಗಿಸಿ ಇಳಿಯೋಕೆ ಮುಂಚೆ ಒಂದೇ ಒಂದು ಸುತ್ತು. ನಾನು ತಾರಸಿ ಮೇಲೆ ನಿಂತು ಟವೆಲ್ ಬೀಸ್ತಿದ್ದೆ. ಅದನ್ನ ನೋಡಿ ಹೋಗ್ತಿದ್ರು. ಆಮೇಲೆ ನಾನು ಅನ್ನಕ್ಕಿಡ್ತಿದ್ದೆ."

"ಅವತ್ತು ಮೂರು ಸುತ್ತು ಹಾಕಿದಾರೆ. ಪ್ರತಿ ಸುತ್ತಿಗೂ ಇನ್ನಷ್ಟು ಕೆಳಗೆ. ಮೂರನೇದರಲ್ಲಿ ಕರೆಂಟ್ ತಂತಿ ತಗುಲಿದೆ. ಅಷ್ಟು ಕೆಳಗೆ ಯಾಕೆ ಬಂದ್ರು ಅನ್ನೋದೇ ಗೊತ್ತಾಗ್ತಿಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳಿದರು: "ಇವಳು ಮನೇಲಿರ್ಲಿಲ್ಲ ಸಾರ್, ತರಕಾರಿಗೆ ಹೋಗಿದ್ಲು. ಇದ್ದಿದ್ರೆ ಮೊದಲ್ನೇ ಸುತ್ತಿಗೇ ಟವೆಲ್ ಬೀಸಿ ಕಳಿಸಿರೋಳು. ಪಾಪ, ನನ್ನ ಮಗ ಇವಳನ್ನ ಹುಡುಕ್ತಾ ಹುಡುಕ್ತಾ ಕೆಳಗಿಳಿದಿದಾನೆ."

"ಹೌದಾ ಅಮ್ಮಾ?"

ಅತ್ತೆಯ ಹಿಡಿತ ಬಿಗಿಯಾಯಿತು. "ಹೌದು" ಅಂದಳು. ಅಧಿಕಾರಿ ಅಷ್ಟನ್ನೂ ಬರೆದುಕೊಂಡು ಕಾಗದ ಮುಂದೆ ಹಿಡಿದರು. ಅವಳು ಸಹಿ ಹಾಕಿದಳು.

"ಅಳಬೇಡ ಮಗಾ," ಅತ್ತೆ ತಲೆ ನೇವರಿಸಿದರು. "ಹಿಂಗಾಗುತ್ತೆ ಅಂತ ನೀನೇನು ಕನಸು ಕಂಡಿದ್ಯಾ?"

ಅವತ್ತು ಬೆಳಿಗ್ಗೆ ಗಂಡನ ಜೊತೆ ಆಡಿದ ಜಗಳದ ಸಿಟ್ಟಿಗೆ, ಇನ್ನೊಂಚೂರು ಹುಡುಕಲಿ ಎಂದು, ಅವಳು ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಟವೆಲನ್ನು ಮಡಿಲಲ್ಲಿ ಅವುಚಿಕೊಂಡು ಕೂತು ಆ ಮೂರೂ ಸುತ್ತನ್ನು ಎಣಿಸಿದ್ದಳು.